ಗುರುವಿನ ಮುನಿಸು, ಶಿಷ್ಯನ ಅರಿವು

ವೀರಶೈವ ಧರ್ಮದ ಅಷ್ಟಾವರಣಗಳಲ್ಲಿ ಗುರುವಿಗೇ ಪ್ರಥಮ ಸ್ಥಾನ. ಗುರು, ಲಿಂಗ, ಜಂಗಮ, ವಿಭೂತಿ, ರುದ್ರಾಕ್ಷಿ, ಮಂತ್ರ, ಪಾದೋದಕ, ಪ್ರಸಾದ ಎಂಬ ಈ ಎಂಟರಲ್ಲಿ ಮಿಕ್ಕವೆಲ್ಲವೂ ಗುರುಮುಖದಿಂದಲೇ ಸಾಧಕನಿಗೆ ಲಭಿಸತಕ್ಕವು. ಲಿಂಗವನ್ನು ಕರಸ್ಥಲಕ್ಕೆ ಕೊಡುವವನು ಗುರು. ಮಂತ್ರವನ್ನು ಕಿವಿಯಲ್ಲಿ ಉಸುರುವವನು ಗುರು. ಆದಕಾರಣ ಗುರುವಿನ ಮಾತನ್ನು ಮೀರುವುದೆಂದರೆ ಈ ನಾಡಿನ ಸಜ್ಜನರಿಗೆ ಮೈ ನಡುಗುವುದು ಸಹಜವೇ. ಆದರೆ ಗುರುವೆಂಬ ಹೆಸರು ಮಠದ ಅಂಗಳವನ್ನು ದಾಟಿ ಶಾಲೆ, ಕಾಲೇಜು, ವಿಶ್ವವಿದ್ಯಾಲಯಗಳಿಗೂ ಹಬ್ಬಿದೆ. ಅಲ್ಲಿ ಡಾಕ್ಟರೇಟ್ ಪದವಿಗಾಗಿ ದುಡಿಯುವ ವಿದ್ಯಾರ್ಥಿಗೆ ಒಬ್ಬ ಮಾರ್ಗದರ್ಶಕರಿರುತ್ತಾರೆ. ನಾಲ್ಕೈದು ವರ್ಷಗಳ ಕಾಲ ಆ ವಿದ್ಯಾರ್ಥಿಯ ಓದು, ಬರೆಹ, ಜೀವನೋಪಾಯ, ಮುಂದಿನ ಭವಿಷ್ಯ ಇವೆಲ್ಲವೂ ಬಹುಮಟ್ಟಿಗೆ ಅವರೊಬ್ಬರ ಸಮ್ಮತಿಯನ್ನೇ ಅವಲಂಬಿಸಿರುತ್ತವೆ. ಆ ಸಂಬಂಧವೇ ಕೆಟ್ಟುಹೋದರೆ ಶಿಷ್ಯನು ಏನು ಮಾಡಬೇಕು? ಸಹಿಸಿಕೊಂಡಿರುವುದು ಗುರುಭಕ್ತಿಯೋ? ಬಿಟ್ಟುಹೋಗುವುದು ಗುರುದ್ರೋಹವೋ? ಈ ಪ್ರಶ್ನೆಯನ್ನು ಶರಣರ ಅನುಭಾವದ ಬೆಳಕಿನಲ್ಲಿ ವಿಚಾರಿಸುವುದು ಉಚಿತವಾಗಿದೆ.

ಮಠದ ಉಚಿತ ಪ್ರಸಾದನಿಲಯದಲ್ಲಿ ಬೆಳೆದ ಒಬ್ಬ ತರುಣನ ವೃತ್ತಾಂತವನ್ನು ದೃಷ್ಟಾಂತವಾಗಿ ತೆಗೆದುಕೊಳ್ಳಬಹುದು. ಆತನು ಒಕ್ಕಲಮನೆಯ ಹುಡುಗ. ಅವನ ವಂಶದಲ್ಲಿ ಹೈಸ್ಕೂಲಿನ ಮೆಟ್ಟಿಲನ್ನು ದಾಟಿದವನು ಅವನೇ ಮೊದಲು. ಎಂ.ಎ. ಪರೀಕ್ಷೆಯಲ್ಲಿ ಉನ್ನತ ಸ್ಥಾನ ಪಡೆದು, ಹಳೆಯ ಮೈಸೂರು ಸೀಮೆಯ ಕೆರೆಗಳಿಗೆ ಸಂಬಂಧಿಸಿದ ಶಾಸನಗಳನ್ನು ಕುರಿತು ಪಿಎಚ್.ಡಿ. ಪದವಿಗಾಗಿ ಸಂಶೋಧನೆಗೆ ತೊಡಗಿದನು. ಮೊದಲ ಎರಡು ವರ್ಷ ಎಲ್ಲವೂ ಸುಗಮವಾಗಿತ್ತು. ಮಾರ್ಗದರ್ಶಕರು ಅವನನ್ನು ತಮ್ಮ ಜತೆಯಲ್ಲಿ ಹಳ್ಳಿಹಳ್ಳಿಗೆ ಕರೆದೊಯ್ದರು; ಕೆರೆಯ ತೂಬಿನ ಬಳಿ ನಿಂತ ಕಲ್ಲುಗಳನ್ನು ತೋರಿಸಿದರು. ಮೂರನೆಯ ವರ್ಷದಿಂದ ಮೋಡ ಕವಿಯಿತು. ಬರೆದುಕೊಟ್ಟ ಅಧ್ಯಾಯವು ಎಂಟು ತಿಂಗಳು ಅವರ ಮೇಜಿನ ಮೇಲೆಯೇ ಉಳಿಯಿತು. ಕೇಳಹೋದರೆ ಇತರ ವಿದ್ಯಾರ್ಥಿಗಳೆದುರಿನಲ್ಲಿಯೇ ಬಿರುನುಡಿ. ಮನೆಯ ವಿದ್ಯುತ್ ಬಿಲ್ಲು ಕಟ್ಟುವುದು, ಮಕ್ಕಳನ್ನು ಶಾಲೆಯಿಂದ ಕರೆತರುವುದು ಮುಂತಾದ ಕೆಲಸಗಳೂ ಅವನ ಪಾಲಿಗೆ ಬಂದವು. ಕೊನೆಗೆ ಒಂದು ದಿನ, ಆತನು ಬಿಸಿಲಿನಲ್ಲಿ ಅಲೆದು ಸಂಗ್ರಹಿಸಿದ ಹನ್ನೊಂದು ಶಾಸನಗಳ ಪಾಠಗಳು ಮಾರ್ಗದರ್ಶಕರೊಬ್ಬರ ಹೆಸರಿನಲ್ಲಿಯೇ ಒಂದು ಲೇಖನವಾಗಿ ಪ್ರಕಟವಾಗಿದ್ದುದನ್ನು ಕಂಡನು. ಆತನ ಹೆಸರು ಅದರ ಅಡಿಯಲ್ಲಾಗಲಿ ಕೃತಜ್ಞತೆಯ ಸಾಲಿನಲ್ಲಾಗಲಿ ಇರಲಿಲ್ಲ.

ಅಂದಿನಿಂದ ಅವನ ಕೈ ಬರೆಯದಾಯಿತು. ನಿದ್ರೆ ಕೆಟ್ಟಿತು. ವಿಭಾಗದ ಬಾಗಿಲನ್ನು ಕಂಡರೆ ಎದೆ ಬಡಿದುಕೊಳ್ಳುತ್ತಿತ್ತು. ಐದು ವರ್ಷಗಳ ಶಿಷ್ಯವೇತನ ಮುಗಿಯಲು ಹತ್ತು ತಿಂಗಳು ಮಾತ್ರ ಉಳಿದಿದ್ದವು. ಊರಿನಲ್ಲಿ ತಂದೆ ಪ್ರತಿ ಹಬ್ಬಕ್ಕೂ ‘ಯಾವಾಗ ಡಾಕ್ಟರಾಗುವೆ?’ ಎಂದು ಕೇಳುತ್ತಿದ್ದರು. ಎಲ್ಲವನ್ನೂ ಬಿಟ್ಟು ಹೊಲಕ್ಕೆ ಮರಳುವುದೆಂದು ನಿಶ್ಚಯಿಸಿ, ಹಾಗೆ ಮರಳುವ ಮುನ್ನ ಒಂದು ಸಂಜೆ ಆತನು ತನ್ನನ್ನು ಸಾಕಿದ ಮಠಕ್ಕೆ ಬಂದನು. ವೃದ್ಧ ಸ್ವಾಮಿಗಳು ಪೂಜೆ ಮುಗಿಸಿ ಜಗಲಿಯ ಮೇಲೆ ಕುಳಿತಿದ್ದರು. ಸಾಷ್ಟಾಂಗವೆರಗಿ ಎಲ್ಲವನ್ನೂ ಅರಿಕೆ ಮಾಡಿ, “ಬುದ್ಧಿ, ಅವರ ಕೈಕೆಳಗೆ ಇರಲಾರೆ. ಬೇರೆಯವರ ಬಳಿಗೆ ಹೋದರೆ ಗುರುದ್ರೋಹವಾದೀತೆಂಬ ಭಯ. ಓದನ್ನೇ ಬಿಟ್ಟುಬಿಡುತ್ತೇನೆ” ಎಂದನು.

ಸ್ವಾಮಿಗಳು ಸ್ವಲ್ಪ ಹೊತ್ತು ಸುಮ್ಮನಿದ್ದು, “ಮಗು, ಅವರಿಂದ ನೀನು ಕಲಿತದ್ದೇನು?” ಎಂದು ಕೇಳಿದರು.

“ಹಳಗನ್ನಡದ ಲಿಪಿಯನ್ನು ಓದಲು ಅವರೇ ಕಲಿಸಿದರು, ಬುದ್ಧಿ. ಕಲ್ಲನ್ನು ತೊಳೆದು, ನೆನೆದ ಕಾಗದವನ್ನು ಹೊದಿಸಿ, ಕುಂಚದಿಂದ ಬಡಿದು, ಮಸಿ ಒತ್ತಿ ಪಡಿಯಚ್ಚು ತೆಗೆಯುವ ಕ್ರಮವನ್ನು ತೋರಿಸಿಕೊಟ್ಟವರೂ ಅವರೇ.”

“ಹಾಗಿದ್ದರೆ ಆ ಋಣವು ಸತ್ಯ. ಅವರು ಮಾಡಿದ ಅನ್ಯಾಯವೂ ಸತ್ಯ. ಒಂದನ್ನು ತೋರಿಸಿ ಇನ್ನೊಂದನ್ನು ಮುಚ್ಚಬೇಡ. ಎರಡನ್ನೂ ಎದುರಿಗಿಟ್ಟುಕೊಂಡು ವಿಚಾರ ಮಾಡು” ಎಂದರು ಸ್ವಾಮಿಗಳು.

ಈ ಮಾತಿನಲ್ಲಿ ಸಮಸ್ಯೆಯ ಬೀಗದಕೈ ಇದೆ. ಮೊದಲು ಗುರುವೆಂಬ ಪದದ ಅರ್ಥವನ್ನು ನಿಷ್ಕರ್ಷಿಸಿಕೊಳ್ಳಬೇಕು. ದೀಕ್ಷಾಗುರು ಬೇರೆ, ಶಿಕ್ಷಾಗುರು ಬೇರೆ. ದೀಕ್ಷಾಗುರುವು ಅಂಗಕ್ಕೆ ಲಿಂಗಸಂಬಂಧವನ್ನುಂಟುಮಾಡುವವನು. ಶಿಕ್ಷಾಗುರುವು ಒಂದು ವಿದ್ಯೆಯನ್ನು ಕಲಿಸಿ ಅದರಲ್ಲಿ ಶಿಷ್ಯನನ್ನು ಸ್ವತಂತ್ರನನ್ನಾಗಿ ಮಾಡುವವನು. ವಿಶ್ವವಿದ್ಯಾಲಯದ ಮಾರ್ಗದರ್ಶಕರು ಶಿಕ್ಷಾಗುರುಗಳು. ಅದರ ಜತೆಗೆ ಕಾಯಿದೆಯ ಕಟ್ಟಳೆಗೆ ಒಳಪಟ್ಟ ಅಧಿಕಾರಿಗಳು. ಅವರಲ್ಲಿ ಗೌರವ ಇರಬೇಕು. ಆದರೆ ದೀಕ್ಷಾಗುರುವಿಗೆ ಸಲ್ಲುವ ಸರ್ವಸಮರ್ಪಣೆಯನ್ನು ಅವರಿಗೆ ಸಲ್ಲಿಸಬೇಕೆಂದು ಯಾವ ಶಾಸ್ತ್ರವೂ ವಿಧಿಸಿಲ್ಲ. ದೀಕ್ಷಾಗುರುವಿನ ವಿಷಯದಲ್ಲಿಯೂ ಗುರುವು ಶಿಷ್ಯನನ್ನು, ಶಿಷ್ಯನು ಗುರುವನ್ನು ಪರೀಕ್ಷಿಸಿಕೊಳ್ಳಬೇಕೆಂಬ ಸಂಪ್ರದಾಯವುಂಟು. ದ್ರವ್ಯದಾಸೆಗೆ ದೀಕ್ಷೆ ಕೊಡುವ ಗುರುಗಳನ್ನು ವಚನಕಾರರು ನಿರ್ದಾಕ್ಷಿಣ್ಯವಾಗಿ ಖಂಡಿಸಿದ್ದಾರೆ. ವ್ಯಕ್ತಿಯ ಹಿಂದೆ ನಿಂತು ಬೆಳಗುವ ಅರಿವನ್ನೇ ನಿಜವಾದ ಗುರುವೆಂದು ಅವರು ಕಂಡುಕೊಂಡರು. ಹೀಗಿರಲು, ಅರಿವಿಗೆ ಎರಡೆಣಿಸದಿರುವುದೇ ಗುರುಭಕ್ತಿಯ ತಿರುಳೆಂದು ತಿಳಿಯಬೇಕು.

ಆದರೆ ಈ ತತ್ತ್ವವನ್ನು ಕೇಳಿದ ಕೂಡಲೇ ಶಿಷ್ಯನು ತನ್ನ ಕೋಪವನ್ನೇ ಅರಿವೆಂದು ಭ್ರಮಿಸಬಾರದು. ಗುರುಶಿಷ್ಯರ ಒಡಕಿಗೆ ಪ್ರಾಚೀನ ದೃಷ್ಟಾಂತವೆಂದರೆ ವೈಶಂಪಾಯನ–ಯಾಜ್ಞವಲ್ಕ್ಯರದು. ಗುರುವಿಗೆ ಬ್ರಹ್ಮಹತ್ಯೆಯ ದೋಷ ಬಂದಾಗ, ಅದರ ಪರಿಹಾರಕ್ಕೆ ಶಿಷ್ಯರೆಲ್ಲರೂ ವ್ರತವನ್ನಾಚರಿಸಬೇಕೆಂದು ಆತನು ಹೇಳಿದನು. ಯಾಜ್ಞವಲ್ಕ್ಯನು ‘ಅಲ್ಪತೇಜಸ್ಕರಾದ ಈ ಬ್ರಾಹ್ಮಣರೇಕೆ? ನಾನೊಬ್ಬನೇ ಮಾಡುವೆನು’ ಎಂಬ ಅಭಿಪ್ರಾಯವನ್ನು ಸೂಚಿಸಿದನು. ಸಹಪಾಠಿಗಳನ್ನು ಹೀನಾಯ ಮಾಡಿದನೆಂದು ಸಿಟ್ಟಿಗೆದ್ದ ಗುರುವು ಕಲಿತ ವಿದ್ಯೆಯನ್ನು ಹಿಂದಿರುಗಿಸೆಂದು ಆಜ್ಞಾಪಿಸಿದನು. ಯಾಜ್ಞವಲ್ಕ್ಯನು ಯಜುರ್ವೇದವನ್ನು ಕಾರಿಬಿಟ್ಟನೆಂದೂ, ಇತರ ಶಿಷ್ಯರು ತಿತ್ತಿರಿ ಪಕ್ಷಿಗಳಾಗಿ ಅದನ್ನು ಸ್ವೀಕರಿಸಿದರೆಂದೂ, ಅದರಿಂದಲೇ ತೈತ್ತಿರೀಯವೆಂಬ ಹೆಸರು ಬಂದಿತೆಂದೂ ವಿಷ್ಣುಪುರಾಣವು ಹೇಳುತ್ತದೆ. ಮುಂದೆ ಯಾಜ್ಞವಲ್ಕ್ಯನು ಸೂರ್ಯನನ್ನು ಆರಾಧಿಸಿ ಶುಕ್ಲಯಜುರ್ವೇದವನ್ನು ಪಡೆದನು. ಈ ಕಥೆಯಲ್ಲಿ ಶಿಷ್ಯನ ಅಹಂಕಾರವೂ ಇದೆ, ಗುರುವಿನ ದುಡುಕೂ ಇದೆ. ದೋಷವನ್ನು ಒಬ್ಬರ ತಲೆಗೇ ಕಟ್ಟಲು ಕಥೆಯು ಅವಕಾಶ ಕೊಡುವುದಿಲ್ಲ. ಗಮನಿಸತಕ್ಕ ಇನ್ನೊಂದು ಅಂಶವುಂಟು. ಗುರುವಿನದನ್ನು ಗುರುವಿಗೆ ಒಪ್ಪಿಸಿದ ಮೇಲೆ ಯಾಜ್ಞವಲ್ಕ್ಯನು ವಿದ್ಯೆಯನ್ನೇ ತೊರೆಯಲಿಲ್ಲ. ಬೇರೊಂದು ಬೆಳಕಿನತ್ತ ಮುಖ ಮಾಡಿದನು. ಸಂಬಂಧವು ಮುರಿಯಿತು, ವಿದ್ಯೆಯು ಬೆಳೆಯಿತು.

ಸ್ವಾಮಿಗಳು ಆ ತರುಣನಿಗೆ ಒಂದು ಹಾಳೆಯನ್ನು ಕೊಡಿಸಿ, ಮೂರು ವರ್ಷಗಳ ಲೆಕ್ಕವನ್ನು ಬರೆಯೆಂದರು. ಒಂದು ಪಕ್ಕದಲ್ಲಿ ಮಾರ್ಗದರ್ಶಕರ ತಪ್ಪು, ಇನ್ನೊಂದು ಪಕ್ಕದಲ್ಲಿ ತನ್ನ ತಪ್ಪು. ಮೊದಲನೆಯ ಪಕ್ಕವು ಬೇಗ ತುಂಬಿತು. ಎರಡನೆಯದಕ್ಕೆ ಬಹಳ ಹೊತ್ತು ಹಿಡಿಯಿತು. ಆದರೂ ಆತನು ಪ್ರಾಮಾಣಿಕನಾದುದರಿಂದ ಬರೆದನು: ಎರಡು ಸಲ ಹೇಳಿದ ದಿನಕ್ಕೆ ಬರೆಹವನ್ನು ಒಪ್ಪಿಸಿರಲಿಲ್ಲ, ಅವರು ಸೂಚಿಸಿದ ತಿದ್ದುಪಡಿಗಳಲ್ಲಿ ಅರ್ಧವನ್ನು ಓದದೆಯೇ ಬದಿಗಿಟ್ಟಿದ್ದನು, ಅವರ ಮುಂದೆ ಹೇಳಬೇಕಾದುದನ್ನು ಹೇಳದೆ ಹಾಸ್ಟೆಲಿನಲ್ಲಿ ಹತ್ತು ಜನರ ಮುಂದೆ ಹೇಳಿದ್ದನು, ನಾಲ್ಕು ತಿಂಗಳು ಅವರಿಗೆ ಮುಖವನ್ನೇ ತೋರಿಸಿರಲಿಲ್ಲ. ಬರೆದು ಮುಗಿಸಿದಾಗ ಅವನ ಕೋಪವು ಸಂಪೂರ್ಣವಾಗಿ ಹೋಗಲಿಲ್ಲವಾದರೂ, ಅದರ ಹೊಗೆ ಕಡಿಮೆಯಾಗಿ ಕೆಂಡ ಕಾಣತೊಡಗಿತು.

ಅವನ ಲೆಕ್ಕದಲ್ಲಿ ಮೂರು ದೂರುಗಳು ಮುಖ್ಯವಾಗಿದ್ದವು: ವಿಳಂಬ, ಬಿರುನುಡಿ, ಪರರ ದುಡಿಮೆಯ ಅಪಹರಣ. ಈ ಮೂರೂ ಒಂದೇ ತೂಕದವಲ್ಲ. ಒಂದೊಂದನ್ನೂ ಬೇರೆಬೇರೆಯಾಗಿಯೇ ನೋಡಬೇಕು.

ವಿಳಂಬದ ವಿಷಯಕ್ಕೆ ಛಾಂದೋಗ್ಯೋಪನಿಷತ್ತಿನ ಉಪಕೋಸಲನ ಕಥೆಯು ತಕ್ಕ ನಿದರ್ಶನ. ಆತನು ಸತ್ಯಕಾಮ ಜಾಬಾಲನ ಬಳಿ ಹನ್ನೆರಡು ವರ್ಷ ಅಗ್ನಿಗಳನ್ನು ಪರಿಚರಿಸಿದನು. ಗುರುವು ಇತರ ಶಿಷ್ಯರಿಗೆ ಸಮಾವರ್ತನ ಮಾಡಿ ಮನೆಗೆ ಕಳುಹಿದನು. ಇವನನ್ನು ಮಾತ್ರ ಕಳುಹಲಿಲ್ಲ. ಗುರುಪತ್ನಿಯು ‘ಈ ಬ್ರಹ್ಮಚಾರಿ ಚೆನ್ನಾಗಿ ಸೇವೆ ಮಾಡಿದ್ದಾನೆ, ಇವನಿಗೆ ಉಪದೇಶಿಸಿರಿ’ ಎಂಬರ್ಥದಲ್ಲಿ ಹೇಳಿದರೂ ಗುರುವು ಏನೂ ಹೇಳದೆ ಪ್ರವಾಸಕ್ಕೆ ಹೊರಟುಹೋದನು. ದುಃಖದಿಂದ ಉಪಕೋಸಲನು ಅನ್ನವನ್ನು ತ್ಯಜಿಸಿದನು. ಆಗ ಆತನು ಇಷ್ಟು ವರ್ಷ ಕಾಪಾಡಿದ್ದ ಅಗ್ನಿಗಳೇ ಕರುಣೆಗೊಂಡು ಅವನಿಗೆ ಬ್ರಹ್ಮವಿದ್ಯೆಯನ್ನು ಬೋಧಿಸಿದವು. ಮುಂದಿನ ಮಾರ್ಗವನ್ನು ಆಚಾರ್ಯನೇ ಹೇಳುವನೆಂದೂ ತಿಳಿಸಿದವು. ಹಿಂದಿರುಗಿದ ಗುರುವು ಶಿಷ್ಯನ ಮುಖದ ಕಾಂತಿಯನ್ನು ಕಂಡು, ನಿನಗೆ ಬೋಧಿಸಿದವರಾರೆಂದು ವಿಚಾರಿಸಿ, ಉಳಿದುದನ್ನು ತಾನೇ ಉಪದೇಶಿಸಿದನು. ಇದರ ತಾತ್ಪರ್ಯವೇನು? ಗುರುವು ಮೌನವಾಗಿದ್ದಾಗಲೂ ಶಿಷ್ಯನು ಕಾಪಾಡಿಕೊಂಡು ಬಂದ ಕೆಲಸವು ಅವನಿಗೆ ಕಲಿಸುತ್ತದೆ. ಅಧ್ಯಾಯವು ಮೇಜಿನ ಮೇಲೆ ಬಿದ್ದಿದೆಯೆಂದು ಮುಂದಿನ ಅಧ್ಯಾಯವನ್ನು ಬರೆಯದಿರುವುದು ತಾನೇ ಬೆಂಕಿಯನ್ನು ಆರಿಸಿದಂತೆ. ಆದರೆ ಉಪನಿಷತ್ತು ವಿಳಂಬವನ್ನು ಹೊಗಳಿಲ್ಲವೆಂಬುದನ್ನೂ ಕಾಣಬೇಕು. ಗುರುಪತ್ನಿಯು ಶಿಷ್ಯನ ಪರವಾಗಿ ಬಾಯಿ ತೆರೆದು ಮಾತನಾಡಿದಳು. ಅಂತಹ ಮಧ್ಯಸ್ಥರು ಯಾವ ಕಾಲದಲ್ಲಿಯೂ ಅವಶ್ಯಕ. ವಿಭಾಗದ ಹಿರಿಯರಲ್ಲಿ ಒಬ್ಬರ ಮುಂದೆ ಹೇಳಿಕೊಳ್ಳುವುದು ಚಾಡಿಯೆನಿಸುವುದಿಲ್ಲ.

ಬಿರುನುಡಿಯ ವಿಷಯಕ್ಕೆ ಸೊನ್ನಲಿಗೆಯ ಸಿದ್ಧರಾಮ ಶಿವಯೋಗಿಗಳ ಪ್ರಸಂಗವನ್ನು ನೆನೆಯಬೇಕು. ಕೆರೆ ಕಟ್ಟಿಸುತ್ತ, ಗುಡಿಗಳನ್ನು ನಿಲ್ಲಿಸುತ್ತ ಲೋಕೋಪಕಾರದಲ್ಲಿ ತೊಡಗಿದ್ದ ಸಿದ್ಧರಾಮರಲ್ಲಿಗೆ ಅಲ್ಲಮಪ್ರಭುಗಳು ಬಂದರು. ಅವರನ್ನು ಒಡ್ಡನೆಂದು ಕರೆದರು. ಕೆಲಸದಲ್ಲಿದ್ದವರು ಕೋಪಗೊಂಡು ಕಲ್ಲೆಸೆದರೆಂದೂ, ಸಿದ್ಧರಾಮರೂ ಕ್ರೋಧದಿಂದ ಹಣೆಗಣ್ಣನ್ನು ತೆರೆದರೆಂದೂ, ಆ ಉರಿಯು ಪ್ರಭುಗಳನ್ನು ಬಾಧಿಸದೆ ಅಡಗಿತೆಂದೂ ಶೂನ್ಯಸಂಪಾದನೆಯು ವರ್ಣಿಸುತ್ತದೆ. ಪ್ರಭುಗಳ ನುಡಿ ಕಠಿಣವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ. ಆದರೆ ಅದು ಸಿದ್ಧರಾಮರ ಸಾಧನೆಯಲ್ಲಿದ್ದ ಒಂದು ಕೊರತೆಯನ್ನು ಕುರಿತದ್ದಾಗಿತ್ತು. ಹೊರಗಿನ ಕೆರೆಯ ಜತೆಗೆ ಒಳಗಿನ ಕೆರೆಯನ್ನೂ ಕಟ್ಟಬೇಕೆಂಬುದು ಅವರ ಉದ್ದೇಶ. ಕೊರತೆಯನ್ನು ತೋರಿಸಿದವರು ಅದನ್ನು ತುಂಬುವ ದಾರಿಯನ್ನೂ ತೋರಿಸಿದರು. ಕೆಲಸವನ್ನು ಒರೆಗೆ ಹಚ್ಚುವ ಕಠಿಣತೆ ಒಂದು, ವ್ಯಕ್ತಿಯನ್ನು ತುಳಿಯುವ ಕಠಿಣತೆ ಇನ್ನೊಂದು. ‘ಈ ಶಾಸನದ ಕಾಲವನ್ನು ನೀನು ತಪ್ಪಾಗಿ ಗ್ರಹಿಸಿರುವೆ’ ಎಂಬ ಮಾತು ಎಷ್ಟೇ ಗಟ್ಟಿಯಾಗಿದ್ದರೂ ಪ್ರಸಾದವೆಂದೇ ಸ್ವೀಕರಿಸಬೇಕು. ‘ನಿನ್ನಂತಹ ಹಳ್ಳಿಯವನಿಗೆ ಇದೆಲ್ಲ ಏಕೆ?’ ಎಂಬ ಮಾತಿನಲ್ಲಿ ತಿದ್ದತಕ್ಕದ್ದು ಏನೂ ಇಲ್ಲ. ಅದನ್ನು ಪ್ರಸಾದವೆಂದು ನುಂಗಬೇಕಾದ ಕಟ್ಟುಪಾಡೂ ಇಲ್ಲ. ಆ ತರುಣನು ತಾನು ಕೇಳಿದ ಬಿರುನುಡಿಗಳನ್ನು ಹೀಗೆ ಬೇರ್ಪಡಿಸಿ ನೋಡಿದಾಗ, ಅವುಗಳಲ್ಲಿ ಕೆಲವು ನಿಜಕ್ಕೂ ಅವನ ಪ್ರಬಂಧಕ್ಕೆ ಬೇಕಾದವೇ ಆಗಿದ್ದವು.

ಇನ್ನು ಅಪಹರಣದ ವಿಷಯ. ಆಯ್ದಕ್ಕಿ ಮಾರಯ್ಯನವರು ಬಸವಣ್ಣನವರ ಮಹಾಮನೆಯ ಅಂಗಳದಲ್ಲಿ ಬಿದ್ದ ಅಕ್ಕಿಯನ್ನು ಆಯ್ದು ತಂದು ಜಂಗಮದಾಸೋಹ ನಡೆಸುತ್ತಿದ್ದರು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಪತ್ನಿ ಲಕ್ಕಮ್ಮನವರು ಅದನ್ನು ಒಲೆಗೆ ಏರಿಸಲು ಒಪ್ಪಲಿಲ್ಲ. ಮಿಕ್ಕುದನ್ನು ಅಲ್ಲಿಯೇ ಸುರಿದು ಬನ್ನಿರೆಂದರು; ಪತಿಯು ಹಾಗೆಯೇ ಮಾಡಿದರು. ಸಲ್ಲದ ಒಂದು ಹಿಡಿ ಅಕ್ಕಿಯೂ ಕಾಯಕವನ್ನು ಕೆಡಿಸುತ್ತದೆಂಬ ಸೂಕ್ಷ್ಮಪ್ರಜ್ಞೆ ಅದು. ಶಿಷ್ಯನು ಬಿಸಿಲಿನಲ್ಲಿ ನಿಂತು ತೆಗೆದ ಪಡಿಯಚ್ಚು ಅವನ ಕಾಯಕದ ಫಲ. ಅದನ್ನು ಅವನ ಹೆಸರಿಲ್ಲದೆ ತನ್ನ ಪಾತ್ರೆಗೆ ತುಂಬಿಕೊಳ್ಳುವವನು ಎಷ್ಟು ದೊಡ್ಡ ವಿದ್ವಾಂಸನಾದರೂ ಸಲ್ಲದ ಅಕ್ಕಿಯನ್ನು ತಂದವನೇ. ಲೌಕಿಕದ ಕಾನೂನೂ ಇದನ್ನು ಒಪ್ಪುವುದಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2018ರಲ್ಲಿ ಹೊರಡಿಸಿದ ಕೃತಿಚೌರ್ಯ ನಿಯಮಾವಳಿಯು ವಿದ್ಯಾರ್ಥಿಗಳಿಗೆ ಹೇಗೋ ಹಾಗೆಯೇ ಅಧ್ಯಾಪಕರಿಗೂ ಅನ್ವಯಿಸುತ್ತದೆ. ಲಕ್ಕಮ್ಮನವರ ಪ್ರಸಂಗದಿಂದ ತಿಳಿಯಬೇಕಾದ ಮತ್ತೊಂದು ಸಂಗತಿಯೆಂದರೆ, ತಪ್ಪನ್ನು ತೋರಿಸುವುದಕ್ಕೆ ಪದವಿ ಬೇಕಿಲ್ಲ. ಆಕೆ ಪತಿಗೆ ತೋರಿಸಿದಂತೆ ಶಿಷ್ಯನೂ ಗುರುವಿಗೆ ವಿನಯದಿಂದ ತೋರಿಸಬಹುದು. ಸುಮ್ಮನಿದ್ದರೆ ಸಲ್ಲದ ಅಕ್ಕಿ ಬೆಂದ ಒಲೆಗೆ ತಾನೂ ಸೌದೆ ಹಾಕಿದಂತಾಗುತ್ತದೆ.

ಹೀಗೆ ವಿಚಾರ ಮಾಡಿದ ಮೇಲೆ ಆ ತರುಣನು ಮಾಡಬೇಕಾದುದೇನೆಂಬುದು ಒಂದೊಂದಾಗಿ ಸ್ಪಷ್ಟವಾಯಿತು. ಮೊದಲನೆಯದು, ಮುಖಾಮುಖಿಯಾಗಿ ಮಾತನಾಡುವುದು. ಆತನು ಮುಂಚಿತವಾಗಿ ಸಮಯ ಕೇಳಿಕೊಂಡು ಹೋದನು. ತನ್ನ ತಪ್ಪುಗಳನ್ನು ಮೊದಲು ಒಪ್ಪಿಕೊಂಡನು. ಆಮೇಲೆ ಅಧ್ಯಾಯವನ್ನು ಎಂದು ನೋಡಿಕೊಡುವಿರೆಂದೂ, ಲೇಖನದಲ್ಲಿ ತನ್ನ ಹೆಸರು ಬಿಟ್ಟುಹೋದುದನ್ನು ಹೇಗೆ ಸರಿಪಡಿಸಬಹುದೆಂದೂ ಕೇಳಿದನು. ಉತ್ತರವು ಸಮಾಧಾನಕರವಾಗಿರಲಿಲ್ಲ. ಆ ದಿನವೇ, ಮಾತನಾಡಿದ ವಿಷಯಗಳನ್ನು ಗೌರವಪೂರ್ವಕವಾದ ಒಂದು ಪತ್ರದಲ್ಲಿ ಬರೆದು ಅವರಿಗೆ ಕಳುಹಿಸಿ, ಪ್ರತಿಯನ್ನು ತನ್ನಲ್ಲಿ ಇಟ್ಟುಕೊಂಡನು. ತಾನು ಹೋದ ಊರು, ದಿನಾಂಕ, ತೆಗೆದ ಪಡಿಯಚ್ಚು ಇವುಗಳ ಟಿಪ್ಪಣಿ ಪುಸ್ತಕಗಳನ್ನೆಲ್ಲ ಒಪ್ಪವಾಗಿ ಜೋಡಿಸಿಕೊಂಡನು. ಕಾಯಕದ ಲೆಕ್ಕವು ಶುದ್ಧವಾಗಿದ್ದರೆ ಬಾಯಿ ಬಿರುಸಾಗಬೇಕಾಗಿಲ್ಲ.

ಎರಡನೆಯದು, ನಿಯಮದ ಆಶ್ರಯ. ಸಂಶೋಧನ ವಿದ್ಯಾರ್ಥಿಗಳಲ್ಲಿ ಅನೇಕರಿಗೆ ತಮಗೆ ವಿಹಿತವಾದ ರಕ್ಷಣೆಯೇ ತಿಳಿದಿರುವುದಿಲ್ಲ. ಆಯೋಗವು 2022ರ ನವೆಂಬರಿನಲ್ಲಿ ಪ್ರಕಟಿಸಿದ ಪಿಎಚ್.ಡಿ. ನಿಯಮಾವಳಿಯ ಪ್ರಕಾರ ಈ ಪದವಿಗೆ ಕನಿಷ್ಠ ಅವಧಿ 3 ವರ್ಷ, ಗರಿಷ್ಠ ಅವಧಿ 6 ವರ್ಷ. ಮರುನೋಂದಣಿಯ ಮೂಲಕ ಇನ್ನೂ 2 ವರ್ಷಗಳವರೆಗೆ ಅವಕಾಶ ದೊರೆಯಬಹುದು. ಮಹಿಳೆಯರಿಗೆ ಮತ್ತೆ 2 ವರ್ಷಗಳ ರಿಯಾಯಿತಿಯುಂಟು. ಒಬ್ಬ ಪ್ರಾಧ್ಯಾಪಕರು ಏಕಕಾಲದಲ್ಲಿ 8 ಮಂದಿಗೂ, ಸಹ ಪ್ರಾಧ್ಯಾಪಕರು 6 ಮಂದಿಗೂ, ಸಹಾಯಕ ಪ್ರಾಧ್ಯಾಪಕರು 4 ಮಂದಿಗೂ ಮೀರದಂತೆ ಮಾರ್ಗದರ್ಶನ ಮಾಡತಕ್ಕದ್ದು. ಪ್ರತಿಯೊಬ್ಬ ವಿದ್ಯಾರ್ಥಿಗೂ ಒಂದು ಸಂಶೋಧನಾ ಸಲಹಾ ಸಮಿತಿ ಇರಬೇಕು. ಆತನು ಪ್ರತಿ ಸೆಮಿಸ್ಟರಿನಲ್ಲಿ ಅದರ ಮುಂದೆ ಹಾಜರಾಗಿ ತನ್ನ ಪ್ರಗತಿಯನ್ನು ನಿವೇದಿಸಬೇಕು. ಮಹಾಪ್ರಬಂಧವನ್ನು ಹೊರಗಿನ ಇಬ್ಬರು ಪರೀಕ್ಷಕರಾದರೂ ನೋಡಬೇಕು. ಎಂದರೆ ಶಿಷ್ಯನ ಭವಿಷ್ಯವು ಒಬ್ಬರ ಮುಷ್ಟಿಯಲ್ಲಿಯೇ ಇರತಕ್ಕದ್ದಲ್ಲವೆಂಬುದು ಕಟ್ಟಳೆಯ ಆಶಯ. 2023ರ ವಿದ್ಯಾರ್ಥಿ ಕುಂದುಕೊರತೆ ನಿಯಮಾವಳಿಯಂತೆ ದೂರುಗಳನ್ನು ವಿಚಾರಿಸುವ ಸಮಿತಿಯೂ, ಅದರ ತೀರ್ಮಾನದಿಂದ ತೃಪ್ತಿಯಾಗದಿದ್ದರೆ ಒಂಬುಡ್ಸ್‌ಪರ್ಸನ್ ಎಂಬ ಅಧಿಕಾರಿಗೆ ಮೇಲ್ಮನವಿಯೂ ಉಂಟು. ಇನ್ನು ಮಾನಹಾನಿ, ಲೈಂಗಿಕ ಕಿರುಕುಳಗಳಂತಹ ಘೋರ ಅಪರಾಧಗಳು ನಡೆದಲ್ಲಿ ತಾಳ್ಮೆಯ ಉಪದೇಶವೇ ಸಲ್ಲದು. ಕೂಡಲೇ ನಂಬುಗೆಯವರಿಗೆ ತಿಳಿಸಿ, 2013ರ ಕಾಯಿದೆಯಂತೆ ರಚಿತವಾದ ಆಂತರಿಕ ಸಮಿತಿಯ ಮೊರೆ ಹೋಗತಕ್ಕದ್ದು.

ಆ ತರುಣನು ಸಲಹಾ ಸಮಿತಿಯ ಮುಂದೆ ತನ್ನ ಪತ್ರವನ್ನೂ ಟಿಪ್ಪಣಿಗಳನ್ನೂ ಇಟ್ಟನು. ಒಂದೇ ಒಂದು ಕಟುವಾದ ವಿಶೇಷಣವೂ ಆ ಪತ್ರದಲ್ಲಿರಲಿಲ್ಲ. ಮಾರ್ಗದರ್ಶಕರನ್ನು ಬದಲಾಯಿಸಿಕೊಡಬೇಕೆಂಬ ಬೇಡಿಕೆಯಿತ್ತು. ಆದರೂ ಸಭೆಯ ಹಿಂದಿನ ರಾತ್ರಿ ಅವನಿಗೆ ಮತ್ತೆ ಹಳೆಯ ಭಯ ಹುಟ್ಟಿ, ಮಠಕ್ಕೆ ದೂರವಾಣಿಯಲ್ಲಿ ಮಾತನಾಡಿ, “ಬುದ್ಧಿ, ಇದು ದ್ರೋಹವಲ್ಲವೇ?” ಎಂದು ಕೇಳಿದನು.

“ಸಿದ್ಧರಾಮರಿಗೆ ಇಷ್ಟಲಿಂಗ ದೀಕ್ಷೆಯನ್ನು ಕೊಟ್ಟವರು ಯಾರು?” ಎಂದು ಸ್ವಾಮಿಗಳು ಕೇಳಿದರು.

“ಚೆನ್ನಬಸವಣ್ಣನವರು, ಬುದ್ಧಿ.”

“ದಾರಿಗೆ ಹಚ್ಚಿದವರು ಪ್ರಭುಗಳು. ಕಲ್ಯಾಣಕ್ಕೆ ಕರೆತಂದವರೂ ಅವರೇ. ದೀಕ್ಷೆಯ ಹೊತ್ತಿಗೆ ಶಿಷ್ಯನನ್ನು ಚೆನ್ನಬಸವಣ್ಣನವರಿಗೆ ಒಪ್ಪಿಸಿದರು. ಇದರಿಂದ ಪ್ರಭುಗಳ ಹಿರಿಮೆ ಕುಂದಿತೇ? ಸಿದ್ಧರಾಮರು ದ್ರೋಹಿಗಳಾದರೇ? ಒಬ್ಬರಿಂದ ಒಬ್ಬರ ಕೈಗೆ ಶಿಷ್ಯನು ಸಾಗುವುದು ಅನುಭವಮಂಟಪದಲ್ಲಿಯೇ ನಡೆದ ಮಾತು. ನಿನ್ನವರು ತಾವಾಗಿ ಒಪ್ಪಿಸಲಿಲ್ಲ; ಅದು ಅವರ ಕೊರತೆ. ದ್ವೇಷವನ್ನು ಕಟ್ಟಿಕೊಂಡು ಹೋಗಬೇಡ. ಹೋದರೆ ಅದು ನಿನ್ನ ಕೊರತೆಯಾದೀತು.”

ಸಮಿತಿಯು ಎರಡು ಸಲ ಸೇರಿ, ಬೇರೊಬ್ಬ ಅಧ್ಯಾಪಕರನ್ನು ಮಾರ್ಗದರ್ಶಕರನ್ನಾಗಿ ನಿಯಮಿಸಿತು. ಎಲ್ಲವೂ ಸುಖಾಂತವಾಯಿತೆಂದು ಹೇಳುವಂತಿಲ್ಲ. ಹೊಸ ಮಾರ್ಗದರ್ಶಕರು ಪ್ರಬಂಧದ ಎರಡು ಅಧ್ಯಾಯಗಳನ್ನು ಮತ್ತೆ ಬರೆಯಿಸಿದರು; ಒಂದು ವರ್ಷಕ್ಕೂ ಹೆಚ್ಚು ಕಾಲ ವ್ಯರ್ಥವಾಯಿತು. ಶಿಷ್ಯವೇತನ ನಿಂತ ಮೇಲೆ ಆತನು ಬೆಳಗಿನ ಹೊತ್ತು ಒಂದು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿ ಪಾಠ ಹೇಳಿ ಜೀವನ ಸಾಗಿಸಿದನು. ಲೇಖನವನ್ನು ಪ್ರಕಟಿಸಿದ ಪತ್ರಿಕೆಯು ಮುಂದಿನ ಸಂಚಿಕೆಯಲ್ಲಿ ಮೂರು ಸಾಲಿನ ಒಂದು ತಿದ್ದುಪಡಿಯನ್ನು ಮಾತ್ರ ಅಚ್ಚು ಹಾಕಿತು. ಹಳೆಯ ಮಾರ್ಗದರ್ಶಕರು ಅವನೊಡನೆ ಮಾತನ್ನು ಬಿಟ್ಟರು.

ಆದರೆ ಎರಡು ಕೆಲಸಗಳನ್ನು ಆ ತರುಣನು ಯಾರ ಪ್ರೇರಣೆಯೂ ಇಲ್ಲದೆ ಮಾಡಿದನು. ಅವರಿಂದ ತಂದಿದ್ದ ಶಾಸನಸಂಪುಟಗಳನ್ನೂ, ಅವರ ಸ್ವಂತ ಸಂಗ್ರಹದ ಪಡಿಯಚ್ಚುಗಳನ್ನೂ ಪಟ್ಟಿ ಮಾಡಿ, ಒಂದೂ ಕಡಿಮೆಯಾಗದಂತೆ ಹಿಂದಿರುಗಿಸಿದನು. ಮಹಾಪ್ರಬಂಧವು ಸಿದ್ಧವಾದಾಗ, ಶಾಸನಗಳನ್ನು ಓದಲು ತನಗೆ ಕಲಿಸಿದವರು ಇವರೆಂದು ಮುನ್ನುಡಿಯಲ್ಲಿ ಅವರ ಹೆಸರನ್ನು ಬರೆದನು. ಗೆಳೆಯರು ಇದನ್ನು ದೌರ್ಬಲ್ಯವೆಂದು ಹಳಿದರು. ಅದಕ್ಕೆ ಅವನು, “ಲಿಪಿ ಕಲಿಸಿದ್ದು ಸುಳ್ಳಲ್ಲ” ಎಂದಷ್ಟೇ ಹೇಳಿದನು. ತನ್ನ ದುಡಿಮೆಗೆ ಹೆಸರು ಬೇಕೆಂದು ಕೇಳಿದವನು ಇನ್ನೊಬ್ಬರ ದುಡಿಮೆಯ ಹೆಸರನ್ನು ಅಳಿಸಲಾರನು. ನ್ಯಾಯದ ತಕ್ಕಡಿಗೆ ಎರಡು ತಟ್ಟೆಗಳು. ಮೌಖಿಕ ಪರೀಕ್ಷೆಯ ದಿನ ಸಭಾಂಗಣದ ಹೊರಗೆ ಅವರು ಎದುರಾದರು. ಇವನು ಕೈಮುಗಿದನು. ಅವರು ಒಂದು ಕ್ಷಣ ನಿಂತು, ಏನೂ ನುಡಿಯದೆ ಮುಂದೆ ನಡೆದರು. ಇವನು ಒಳಗೆ ಹೋಗಿ ಪರೀಕ್ಷಕರ ಪ್ರಶ್ನೆಗಳಿಗೆ ಉತ್ತರ ಕೊಟ್ಟನು.

ಈ ವೃತ್ತಾಂತವು ಶಿಷ್ಯರಿಗೆ ಎಷ್ಟೋ ಅಷ್ಟೇ ಗುರುಸ್ಥಾನದಲ್ಲಿರುವವರಿಗೂ ಸಲ್ಲತಕ್ಕದ್ದು. ತೈತ್ತಿರೀಯೋಪನಿಷತ್ತಿನಲ್ಲಿ ಆಚಾರ್ಯನು ಶಿಷ್ಯನನ್ನು ಬೀಳ್ಕೊಡುವಾಗ, ತಮ್ಮಲ್ಲಿ ಕಂಡ ಒಳ್ಳೆಯ ನಡತೆಗಳನ್ನು ಮಾತ್ರ ಅನುಸರಿಸೆಂದೂ ಉಳಿದುವನ್ನು ಅನುಸರಿಸಬೇಡವೆಂದೂ ತಾನಾಗಿ ಹೇಳುತ್ತಾನೆ. ತನ್ನಲ್ಲಿಯೂ ಕುಂದಿರಬಹುದೆಂದು ಶಿಷ್ಯನೆದುರಿಗೆ ಒಪ್ಪಿಕೊಳ್ಳುವ ಈ ನಮ್ರತೆ ಆಚಾರ್ಯತ್ವಕ್ಕೆ ಭೂಷಣ. ಬಸವಣ್ಣನವರು ಮಂತ್ರಿಪದವಿಯಲ್ಲಿದ್ದರೂ ಶರಣರಲ್ಲಿ ತಾವೇ ಕಿರಿಯರೆಂದು ನಡೆದುಕೊಂಡರು. ಶಿಷ್ಯನ ಬರೆಹವನ್ನು ಸಕಾಲದಲ್ಲಿ ಓದುವುದು ಮಾರ್ಗದರ್ಶಕರ ಕಾಯಕ. ಅದಕ್ಕಾಗಿ ಸಂಬಳವನ್ನು ಪಡೆದು ಅದನ್ನು ಮಾಡದಿರುವುದು ಕಾಯಕದ್ರೋಹ. ತಮ್ಮಿಂದ ಆಗದಿದ್ದಲ್ಲಿ, ಪ್ರಭುಗಳಂತೆ ಪ್ರಸನ್ನಚಿತ್ತದಿಂದ ಶಿಷ್ಯನನ್ನು ಇನ್ನೊಬ್ಬರಿಗೆ ಒಪ್ಪಿಸುವುದು ದೊಡ್ಡತನ. ಒಂದು ಪ್ರಬಂಧವು ನಿಂತುಹೋದರೆ ಒಬ್ಬ ತರುಣನ ವರ್ಷಗಳು ಮಾತ್ರ ನಷ್ಟವಾಗುವುದಿಲ್ಲ. ಅವನು ಓದಬೇಕಾಗಿದ್ದ ಕಲ್ಲುಗಳು ಕೆರೆಯ ಏರಿಯ ಮೇಲೆ ಮಳೆಗೆ ಸವೆಯುತ್ತವೆ. ಆ ಮನೆಯಿಂದ ಮುಂದೆ ಓದಲು ಹೊರಡಬೇಕಾಗಿದ್ದ ತಮ್ಮಂದಿರೂ ತಂಗಿಯರೂ ಹೊಸಿಲಲ್ಲಿಯೇ ನಿಲ್ಲುತ್ತಾರೆ.

ಆದಕಾರಣ, ಇಂತಹ ಸಂಕಟದಲ್ಲಿ ಸಿಲುಕಿದ ವಿದ್ಯಾರ್ಥಿಗಳು ಮೊದಲು ತಮ್ಮ ತಪ್ಪನ್ನು ತೂಗಿಕೊಳ್ಳಲಿ. ಆಮೇಲೆ ನಿರ್ಭಯವಾಗಿ, ವಿನಯ ಬಿಡದೆ, ಎದುರಿಗೇ ಮಾತನಾಡಲಿ. ಅದು ಫಲಿಸದಿದ್ದರೆ ನಿಯಮವು ತೆರೆದಿಟ್ಟ ಬಾಗಿಲನ್ನು ತಟ್ಟಲಿ. ಬಿಡಲೇಬೇಕಾಗಿ ಬಂದರೆ ಗುರುವಿನ ಋಣವನ್ನು ತೀರಿಸಿ, ದ್ವೇಷವನ್ನು ಅಲ್ಲಿಯೇ ಇಳಿಸಿ, ಕಾಯಕವನ್ನು ಮಾತ್ರ ಹೊತ್ತುಕೊಂಡು ಹೊರಡಲಿ. ಗುರುವು ಮುನಿದರೂ ಅರಿವು ಮುನಿಯದು. ಆ ಅರಿವನ್ನು ನಂಬಿ ನಡೆದವನ ಗುರುಭಕ್ತಿಗೆ ಕುಂದಿಲ್ಲ. ಕಲಿಸುವವರಿಗೂ ಕಲಿಯುವವರಿಗೂ ಶಿವನು ಸನ್ಮತಿಯನ್ನು ಕರುಣಿಸಲಿ.